ಹಳೇ ಶೇಪ್ ಡಿಸ್ಕೌಂಟಿಗಾ, ಹೊಸ ಶೇಪ್ ಪೂರ್ತಿ ರೇಟಿಗಾ: ಕಿಯಾ ಸೆಲ್ಟೋಸ್ ತಗೊಳೋವಾಗ ನಾನು ಹಾಕಿದ ಲೆಕ್ಕ

ಚಿಕ್ಕಬಳ್ಳಾಪುರದಲ್ಲಿ ನಮ್ಮದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳ್ಳಿಗಳಿಗೆ ಓಡಾಟ ಇದ್ದೇ ಇರುತ್ತೆ, ವಾರಕ್ಕೊಂದು ಸಲ ಬೆಂಗಳೂರು, ವರ್ಷಕ್ಕೊಂದೆರಡು ಸಲ ತಿರುಪತಿ, ಎಲ್ಲಾ ಸೇರಿ ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಆಗುತ್ತೆ. ಡೀಸೆಲ್ ಡಿಜೈರ್ ಇತ್ತು, ಹತ್ತು ವರ್ಷದ ಹತ್ರ ಬಂದಿತ್ತು, ಅಪ್ಪನಿಗೆ ಮಂಡಿ ನೋವು ಶುರುವಾದ್ಮೇಲೆ ಅದರಲ್ಲಿ ಇಳಿದು ಹತ್ತೋದೇ ಕಷ್ಟ ಆಯ್ತು. ಸ್ವಲ್ಪ ಎತ್ತರದ ಗಾಡಿ ಬೇಕು, ಐದು ಜನಕ್ಕೆ, ಡಿಕ್ಕಿ ದೊಡ್ಡದಿರಬೇಕು, ಇಷ್ಟೇ ನಮ್ಮ ಬೇಡಿಕೆ.

ಕ್ರೆಟಾ, ವಿಕ್ಟೋರಿಸ್ ಹೈಬ್ರಿಡ್, ಸಿಯೆರಾ ಎಲ್ಲಾ ನೋಡಿದ್ವಿ, ಅದರ ಕತೆ ಉದ್ದ ಮಾಡಲ್ಲ. ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರ್ ಇರೋದು) ಮೈಲೇಜ್ ನಿಜಕ್ಕೂ ಆಸೆ ಹುಟ್ಟಿಸುತ್ತೆ, ಕಂಪನಿ ಹೇಳೋದು ಲೀಟರಿಗೆ 28.65 ಕಿಲೋಮೀಟರ್, ಆದ್ರೆ ನನ್ನ ಓಡಾಟ ಬಹುತೇಕ ಟ್ರಾಫಿಕ್ ಇಲ್ಲದ ಹಳ್ಳಿ ರೋಡು, ಹೈವೇಲಿ, ಹೈಬ್ರಿಡ್‌ನ ಲಾಭ ಜಾಸ್ತಿ ಸಿಗೋದು ನಿಂತು ನಿಂತು ಹೋಗೋ ಟ್ರಾಫಿಕ್ಕಲ್ಲಿ. ಸೆಲ್ಟೋಸ್ ಮೇಲೆ ಮನಸ್ಸು ನಿಂತಿದ್ದಕ್ಕೆ ಅರ್ಧ ಕಾರಣ ಅದು ನಮ್ಮ ಪಕ್ಕದಲ್ಲೇ ತಯಾರಾಗುತ್ತೆ ಅನ್ನೋ ಅಭಿಮಾನ, ಬಾಗೇಪಲ್ಲಿ ದಾಟಿ 44ನೇ ಹೈವೇಲಿ ಹಂಗೇ ಹೋದ್ರೆ ಪೆನುಕೊಂಡ ಹತ್ರ ಫ್ಯಾಕ್ಟರಿ ರೋಡಿಗೇ ಕಾಣುತ್ತೆ. ಹಿಂದೂಪುರದಲ್ಲಿರೋ ನಮ್ಮ ಭಾವ ಅಂತೂ "ಇಲ್ಲೇ ಆಂಧ್ರದಲ್ಲಿ ರಿಜಿಸ್ಟರ್ ಮಾಡಿಸಿ ಓಡಿಸ್ಕೋ ಬಾವಾ, ಟ್ಯಾಕ್ಸ್ ಉಳಿಯುತ್ತೆ" ಅಂತ ಗಂಟು ಬಿದ್ದಿದ್ರು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಕೊಂಡ್ರೆ ಇಲ್ಲಿಗೆ ರೀ-ರಿಜಿಸ್ಟರ್ ಮಾಡಿಸ್ಲೇಬೇಕು, ಮಾರೋವಾಗಲೂ ಚಿಕ್ಕಬಳ್ಳಾಪುರದಲ್ಲಿ ಎಪಿ ಗಾಡಿ ಅಂದ್ರೆ ಮುಖ ಕಿವುಚ್ತಾರೆ. ಅದನ್ನ ಅಲ್ಲಿಗೇ ಬಿಟ್ವಿ.

ಈಗ ಅಸಲು ವಿಷಯ. 2019ರ ಆಗಸ್ಟಲ್ಲಿ ಸೆಲ್ಟೋಸ್ ಬಂತು, ಆಗ ಶುರು ಬೆಲೆ 9.69 ಲಕ್ಷ. 2023ರ ಜುಲೈಲಿ ಫೇಸ್‌ಲಿಫ್ಟ್, ಅಂದ್ರೆ ಅದೇ ಮಾಡೆಲ್ಲಿಗೆ ಸ್ವಲ್ಪ ಹೊಸ ರೂಪ. 2026ರ ಜನವರಿಲಿ ಪೂರ್ತಿ ಹೊಸ ಮಾಡೆಲ್, 10.99 ಲಕ್ಷದಿಂದ ಶುರು, ಮೇಲಿನದು 20 ಲಕ್ಷದ ಹತ್ರ. ನಾನು ಹೋದಾಗ ಶೋರೂಮಲ್ಲಿ ಹೊಸದೂ ಇತ್ತು, ಒಂದು ಮೂಲೇಲಿ ಹಳೇ ಶೇಪಿನ ಉಳಿದ ಸ್ಟಾಕೂ ಇತ್ತು. ಹಳೇದಕ್ಕೆ ಒಂದೂಕಾಲು ಲಕ್ಷ ಬಿಡ್ತೀವಿ ಸರ್ ಅಂದ್ರು. ಹೊಸ ತಳಿ ಬಂದ್ಮೇಲೆ ಹಳೇ ಲಾಟಿನ ಬೀಜನ ರೇಟ್ ಇಳಿಸಿ ಖಾಲಿ ಮಾಡೋದು ನಮಗೆ ಹೊಸದೇನಲ್ಲ, ಹಾಗಾಗಿ ಆ ಒಂದೂಕಾಲು ಲಕ್ಷ ಅನ್ನೋದು ಉಡುಗೊರೆ ಅಲ್ಲ, ಮುಂದೆ ಮಾರೋವಾಗ ನನಗಾಗೋ ಲಾಸನ್ನ ಈಗಲೇ ಕೊಡ್ತಿದಾರೆ ಅಂತ ಗೊತ್ತಾಯ್ತು. ಪ್ರಶ್ನೆ ಇಷ್ಟೇ, ಅಷ್ಟು ಸಾಕಾ?

ಬರೀ ಎಕ್ಸ್-ಶೋರೂಮ್ (ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ) ನೋಡ್ಬೇಡಿ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ 10 ಲಕ್ಷದಿಂದ 20 ಲಕ್ಷದವರೆಗಿನ ಗಾಡಿಗೆ 17%, 20 ದಾಟಿದ್ರೆ 18%, ಅದರ ಮೇಲೆ ಸೆಸ್ ಬೇರೆ. ಲೆಕ್ಕ ಸುಲಭ ಆಗ್ಲಿ ಅಂತ 16 ಲಕ್ಷದ ಗಾಡಿ ಇಟ್ಕೊಳಿ, ಟ್ಯಾಕ್ಸೇ 2.72 ಲಕ್ಷ. ವೇರಿಯಂಟ್ ಒಂದು ಮೆಟ್ಟಿಲು ಮೇಲೆ ಹೋಗಿ ಒಂದೂವರೆ ಲಕ್ಷ ಜಾಸ್ತಿ ಆದ್ರೆ ಅದು ಒಂದೂವರೆ ಅಲ್ಲ, ಟ್ಯಾಕ್ಸ್ ಸೇರಿ ಒಂದೂಮುಕ್ಕಾಲು, ಇನ್ಶೂರೆನ್ಸೂ ಸ್ವಲ್ಪ ಏರುತ್ತೆ. ಸೆಕೆಂಡ್ ಹ್ಯಾಂಡಲ್ಲಿ ತಗೊಳೋನು ಈ ಟ್ಯಾಕ್ಸನ್ನ ನಮಗೆ ಎಣಿಸಿ ವಾಪಸ್ ಕೊಡಲ್ಲ. ಅಂಗಡಿ ಹೆಸರಲ್ಲಿ ತಗೊಂಡು ಜಿಎಸ್‌ಟಿ ಇನ್‌ಪುಟ್ ತಗೊಳೋಣ (ಕಟ್ಟಿದ ಜಿಎಸ್‌ಟಿನ ಅಂಗಡಿ ಜಿಎಸ್‌ಟಿಲಿ ಕಳ್ಕೊಳೋಣ) ಅಂದ್ರೆ ನಮ್ಮಂಥ ಅಂಗಡಿಯೋರಿಗೆ ಪ್ಯಾಸೆಂಜರ್ ಕಾರಿಗೆ ಅದು ಸಿಗಲ್ಲ, ಡಿಪ್ರಿಸಿಯೇಷನ್ (ಸವಕಳಿ ಖರ್ಚು) ಮಾತ್ರ ತೋರಿಸ್ಬಹುದು. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗೆ ಜಿಎಸ್‌ಟಿ, ಸೆಸ್ ಸೇರಿ 45% ಇದ್ದಿದ್ದು 40% ಆಯ್ತಲ್ಲ, ಅದು ನಮಗೆ ಅನುಕೂಲವೇ, ಆದ್ರೆ ಅದಕ್ಕೆ ಮುಂಚೆ ಪೂರ್ತಿ ರೇಟಿಗೆ ತಗೊಂಡೋರ ಗಾಡಿಗಳ ಸೆಕೆಂಡ್ ಹ್ಯಾಂಡ್ ರೇಟೂ ಅದರ ಜೊತೆ ಕೆಳಗೆ ಬಂತು. ರೀಸೇಲ್ ಅನ್ನೋದು ನಮ್ಮ ಕೈಲಿ ಪೂರ್ತಿ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ.

ರೀಸೇಲ್ ತಿಳ್ಕೊಳೋಕೆ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ಮಾಡೋ ನಮ್ಮ ಪರಿಚಯದೋರ ಹತ್ರ ಕೂತ್ಕೊಂಡೆ. ಅವರು ನೋಡೋ ಕ್ರಮ ಹಿಂಗಿದೆ, ಮೊದಲು ಎಷ್ಟನೇ ಓನರ್ರು, ಆಮೇಲೆ ಆರ್‌ಸಿಲಿ ತಯಾರಾದ ತಿಂಗಳು ವರ್ಷ, ಕಿಲೋಮೀಟರ್, ಸರ್ವೀಸ್ ರೆಕಾರ್ಡು, ಇನ್ಶೂರೆನ್ಸ್ ಕ್ಲೇಮ್ ಆಗಿದ್ಯಾ, ಬಣ್ಣ. ಅಡಾಸ್ (ಕ್ಯಾಮೆರಾ, ರಾಡಾರ್ ಇಟ್ಕೊಂಡು ಸ್ಪೀಡು, ಲೇನು ನೋಡ್ಕೊಳೋ ವ್ಯವಸ್ಥೆ) ಬಗ್ಗೆ ಕೇಳಿದ್ದಕ್ಕೆ ನಕ್ಕು ಬಿಟ್ರು. "ಅಣ್ಣ, ಸನ್‌ರೂಫ್ ಇದ್ಯಾ ಅಂತ ಕೇಳ್ತಾರೆ, ಆಟೋಮ್ಯಾಟಿಕ್ಕಾ ಅಂತ ಕೇಳ್ತಾರೆ, ರಾಡಾರ್ ಕೆಲಸ ಮಾಡುತ್ತಾ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ." ಅಂದ್ರೆ ಟಾಪ್ ವೇರಿಯಂಟಿಗೆ ನಾವು ಮೂರ್ನಾಲ್ಕು ಲಕ್ಷ ಜಾಸ್ತಿ ಕೊಟ್ರೆ, ಆರು ವರ್ಷ ಆದ್ಮೇಲೆ ಮಧ್ಯದ ವೇರಿಯಂಟಿಗೂ ಅದಕ್ಕೂ ಇರೋ ವ್ಯತ್ಯಾಸ ಅರವತ್ತು ಎಪ್ಪತ್ತು ಸಾವಿರಕ್ಕೆ ಇಳಿದಿರುತ್ತೆ ಅನ್ನೋದು ಅವರ ಅನುಭವ. ಇನ್ಶೂರೆನ್ಸಿನ ಐಡಿವಿ (ಗಾಡಿಗೆ ಇನ್ಶೂರೆನ್ಸ್ ಕಂಪನಿ ಕಟ್ಟೋ ಬೆಲೆ) ಪಟ್ಟಿ ಕೂಡ ಒಂದು ಅಂದಾಜಿಗೆ ಇಟ್ಕೊಂಡೆ, ಅದರಲ್ಲಿ ಆರು ತಿಂಗಳು ದಾಟಿ ಒಂದು ವರ್ಷದೊಳಗೆ 15%, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50% ಕಳೀತಾರೆ. ಮಾರ್ಕೆಟ್ ರೇಟು ಅದರ ಪ್ರಕಾರವೇ ನಡೆಯಲ್ಲ, ಆದ್ರೂ ಆಸೆ ಜಾಸ್ತಿ ಆಗದಂಗೆ ಹಿಡಿದಿಡುತ್ತೆ.

ಮನೆಗೆ ಬಂದು ಬಿಲ್ ಬುಕ್ಕಿನ ಹಿಂದೆ ಬರೆದೆ. ಹೊಸ ಶೇಪು ಆನ್‌ರೋಡ್ (ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿ) 19.8 ಲಕ್ಷ ಅಂತ ಇಟ್ಕೊಂಡೆ, ಆರು ವರ್ಷಕ್ಕೆ ಮಾರಿದ್ರೆ 7.2 ಬರುತ್ತೆ ಅಂತ ಅಂದಾಜು. ಹೋಗೋದು 12.6 ಲಕ್ಷ, ವರ್ಷಕ್ಕೆ 2.1. ಹಳೇ ಶೇಪು ಡಿಸ್ಕೌಂಟ್ ಕಳೆದು 17.5, ಆರು ವರ್ಷಕ್ಕೆ ಅದು ಎರಡು ತಲೆಮಾರು ಹಿಂದಿನ ಗಾಡಿ ಥರ ಕಾಣುತ್ತೆ ಅಂತ 5.5 ಮಾತ್ರ ಹಾಕಿದೆ. ಹೋಗೋದು 12, ವರ್ಷಕ್ಕೆ 2. ವ್ಯತ್ಯಾಸ ವರ್ಷಕ್ಕೆ ಹತ್ತು ಸಾವಿರ! ನಾಲ್ಕೇ ವರ್ಷಕ್ಕೆ ಮಾರಿದ್ರೆ ಎರಡೂ ಹೆಚ್ಚುಕಮ್ಮಿ ಸಮ ಬರ್ತಿತ್ತು, ಹತ್ತು ವರ್ಷ ಇಟ್ಕೊಂಡ್ರೆ ಹಳೇದು ವರ್ಷಕ್ಕೆ ಹದಿನೈದು ಸಾವಿರ ಅಗ್ಗ, ಯಾಕಂದ್ರೆ ಹತ್ತು ವರ್ಷದ ಗಾಡಿಗೆ ಶೇಪ್ ಯಾವುದು ಅಂತ ಜಾಸ್ತಿ ತಲೆ ಕೆಡಿಸ್ಕೊಳಲ್ಲ, ಇಂಜಿನ್ ಹೆಂಗಿದೆ ಅಂತ ನೋಡ್ತಾರೆ. ಅಂದ್ರೆ "ಹಳೇ ಶೇಪ್ ತಗೊಂಡ್ರೆ ರೀಸೇಲಲ್ಲಿ ಮುಳುಗ್ತೀಯ" ಅನ್ನೋ ಮಾತು ಡಿಸ್ಕೌಂಟ್ ಸರಿಯಾಗಿ ಸಿಕ್ಕಿದ್ರೆ ಸುಳ್ಳು. ಬರೀ ದುಡ್ಡೇ ಮುಖ್ಯ ಅನ್ನೋರು, ಗಾಡಿ ಸವೆಯೋವರೆಗೂ ಓಡಿಸೋರು, ಕಣ್ಣು ಮುಚ್ಕೊಂಡು ಹಳೇದು ತಗೊಳಿ, ಆದ್ರೆ ಡಿಸ್ಕೌಂಟ್ ಐವತ್ತು ಸಾವಿರ ಅಂದ್ರೆ ಎದ್ದು ಬನ್ನಿ.

ನಾನು ಹೊಸದು ತಗೊಂಡೆ. ಪ್ರಶ್ನೆ "ಯಾವುದು ಲಾಭ" ಅನ್ನೋದ್ರಿಂದ "ವರ್ಷಕ್ಕೆ ಹತ್ತು ಸಾವಿರ ಜಾಸ್ತಿ ಕೊಟ್ರೆ ನನಗೇನು ಸಿಗುತ್ತೆ" ಅನ್ನೋದಕ್ಕೆ ಬಂದಿತ್ತು. ಇಂಜಿನ್ ಅದೇ, 1.5 ಡೀಸೆಲ್ 116 ಪಿಎಸ್, ಅದರಲ್ಲಿ ಹೊಸತೇನಿಲ್ಲ. ಆದ್ರೆ ಗಾಡಿ ಉದ್ದ 4,365 ಮಿಲಿಮೀಟರ್ ಇದ್ದಿದ್ದು 4,460 ಆಗಿದೆ, ವೀಲ್‌ಬೇಸ್ 2,610ರಿಂದ 2,690. ಆ ಎಂಭತ್ತು ಮಿಲಿಮೀಟರ್ ಪೇಪರಲ್ಲಿ ಏನೂ ಅನ್ಸಲ್ಲ, ಅಪ್ಪನ್ನ ಕರ್ಕೊಂಡು ಹೋಗಿ ಎರಡರಲ್ಲೂ ಹಿಂದಿನ ಸೀಟಲ್ಲಿ ಕೂರಿಸಿದಾಗ ಹಳೇದರಲ್ಲಿ ಕಾಲು ಮಡಚ್ಕೊಂಡೇ ಕೂತ್ರು, ಹೊಸದರಲ್ಲಿ ಚಾಚಿದ್ರು. ಅಮ್ಮ ಕೇಳಿದ್ದು ಒಂದೇ, ಹಿಂದೆ ಎಸಿ ಗಾಳಿ ಬರುತ್ತಾ. ಬರುತ್ತೆ.

ಟೆಕ್ನಾಲಜಿಲಿ ಕಂಜೂಸ್ ಆದೆ. ಅಡಾಸ್ ಬೇಕಂದ್ರೆ ಮೇಲಿನ ವೇರಿಯಂಟಿಗೇ ಹೋಗ್ಬೇಕು. ಟೆಸ್ಟ್ ಡ್ರೈವಲ್ಲಿ ದೇವನಹಳ್ಳಿ ಕಡೆ ಹೈವೇಲಿ ಹಾಕಿ ನೋಡಿದೆ, ಮುಂದಿನ ಗಾಡಿ ನೋಡ್ಕೊಂಡು ಅದೇ ಸ್ಪೀಡ್ ಹೊಂದಿಸೋ ಕ್ರೂಸ್ ಬಹಳ ಚೆನ್ನಾಗಿದೆ, ದಿನಾ ಏರ್‌ಪೋರ್ಟ್ ಕಡೆ ಕೆಲಸಕ್ಕೆ ಹೋಗೋರು ತಗೊಳ್ಲಿ, ದುಡ್ಡು ದಂಡ ಅಲ್ಲ. ನಾನು ಹೋಗೋದು ಹಳ್ಳಿ ರೋಡಿಗೆ, ಅಲ್ಲಿ ಪಟ್ಟೆನೇ ಇಲ್ಲ, ಲೇನ್ ಎಲ್ಲಿಂದ ಹಿಡಿಯುತ್ತೆ, ನಮ್ಮೂರ ಬಿಬಿ ರೋಡಲ್ಲಿ ಸಂಜೆ ಹೊತ್ತು ಬೈಕ್‌ಗಳು ನುಗ್ಗೋದಕ್ಕೆ ಬೀಪ್ ಬೀಪ್ ಅಂತಾನೇ ಇರುತ್ತೆ. ಇನ್ನೊಂದು ಖರ್ಚು ಶೋರೂಮಲ್ಲಿ ಅವರಾಗೇ ಹೇಳಲ್ಲ, ಕ್ಯಾಮೆರಾ ಮುಂದಿನ ಗಾಜಿನ ಹಿಂದೆ ಇರೋದ್ರಿಂದ ಗಾಜು ಒಡೆದು ಬದಲಾಯಿಸಿದ್ರೆ ಕ್ಯಾಲಿಬ್ರೇಷನ್ ಮತ್ತೆ ಮಾಡಿಸ್ಬೇಕು, ರಾಡಾರ್ ಇರೋ ಬಂಪರ್ ಕಡೆ ಸಣ್ಣ ಏಟು ಬಿದ್ರೂ ಬಿಲ್ ಸಣ್ಣದಾಗಲ್ಲ. ತಗೊಂಡ್ರೆ ಝೀರೋ ಡೆಪ್ ಇನ್ಶೂರೆನ್ಸ್ (ಬದಲಾಯಿಸಿದ ಪಾರ್ಟಿಗೆ ಸವಕಳಿ ಕಳೀದೆ ಕೊಡೋದು) ಬಿಡ್ಬೇಡಿ. ಆರು ಏರ್‌ಬ್ಯಾಗ್ ಕೆಳಗಿನ ವೇರಿಯಂಟಿಂದಲೇ ಇದೆ, ಅದಕ್ಕೋಸ್ಕರ ಮೇಲೆ ಹತ್ತೋ ಅವಶ್ಯಕತೆ ಇರಲಿಲ್ಲ. ದೊಡ್ಡ ಸ್ಕ್ರೀನ್ ಮಗಳಿಗೆ ಇಷ್ಟ ಆಯ್ತು, ನನಗೆ ವಾರಂಟಿ ಮುಗಿದ್ಮೇಲೆ ಅದು ಕೆಟ್ರೆ ಎಷ್ಟಾಗುತ್ತೆ ಅನ್ನೋ ಯೋಚನೆ, ಹಾಗಾಗಿ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿ ಅದು ಮುಂದಿನ ಓನರ್ ಹೆಸರಿಗೆ ವರ್ಗ ಆಗುತ್ತಾ ಅಂತ ಕೇಳ್ಕೊಂಡೆ, ಮಾರೋವಾಗ ಅದು ನಿಜಕ್ಕೂ ಮಾತಾಡುತ್ತೆ.

ಡೀಸೆಲ್ಲಾ ಪೆಟ್ರೋಲ್ಲಾ ಅನ್ನೋದಕ್ಕೆ ಮನೇಲಿ ಜೋರು ಚರ್ಚೆ. ನಾನು ಲೆಕ್ಕ ಹಾಕಿದಾಗ ಪೆಟ್ರೋಲ್ 103, ಡೀಸೆಲ್ 91ರ ಆಸುಪಾಸು. ಪೆಟ್ರೋಲ್ ಹನ್ನೆರಡು, ಡೀಸೆಲ್ ಹದಿನಾರೂವರೆ ಮೈಲೇಜ್ ಅಂತ ಇಟ್ರೆ ಕಿಲೋಮೀಟರಿಗೆ ಮೂರು ರೂಪಾಯಿ ಉಳಿತಾಯ, ವರ್ಷಕ್ಕೆ 45 ಸಾವಿರ, ಜಾಸ್ತಿ ಕೊಟ್ಟಿದ್ದು ನಾಲ್ಕು ವರ್ಷಕ್ಕೆ ವಾಪಸ್. ಊರೊಳಗೇ ಸ್ಕೂಲು, ಮಾರ್ಕೆಟ್ಟು ಅಂತ ಓಡಿಸೋರಿಗೆ ಇದು ಹೊಂದಲ್ಲ, ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಕಟ್ಕೊಂಡು ತಲೆನೋವಾಗುತ್ತೆ. ರೀಸೇಲಿಗೂ ನಮ್ಮ ಕಡೆ ಡೀಸೆಲ್ಲಿಗೆ ಇನ್ನೂ ಬೆಲೆ ಇದೆ, ಮಾರುತಿ 2020ರ ಏಪ್ರಿಲ್ಲಲ್ಲಿ ಡೀಸೆಲ್ ನಿಲ್ಲಿಸಿದ್ಮೇಲೆ ಹಳೇ ಡೀಸೆಲ್ ಡಿಜೈರ್ ಹುಡುಕ್ಕೊಂಡು ಬರೋರು ಇದಾರೆ. ದೆಹಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನೋ ಗಲಾಟೆ ಕೇಳಿ ನಮ್ಮನೆಯವರು ಹೆದರಿದ್ರು, ಆ ನಿಯಮ ಇಲ್ಲಿಲ್ಲ.

ಆ ಡಿಜೈರ್ ಎಕ್ಸ್‌ಚೇಂಜಿಗೆ ಶೋರೂಮಲ್ಲಿ ಹೇಳಿದ ರೇಟು, ಅದರ ಮೇಲೆ ಬೋನಸ್, ಎರಡೂ ಸೇರಿಸಿದ್ರೂ ಚಿಂತಾಮಣಿಯ ತರಕಾರಿ ವ್ಯಾಪಾರಿ ಒಬ್ರು ಕೈಯಲ್ಲಿ ಕೊಟ್ಟಿದ್ದಕ್ಕಿಂತ ಕಮ್ಮಿ ಇತ್ತು, ಅವರಿಗೇ ಕೊಟ್ವಿ. ಓನರ್ ಬದಲಾವಣೆಯ ಫಾರ್ಮ್ 29, 30 ಸೈನ್ ಮಾಡಿ ಸುಮ್ನೆ ಕೂರಲಿಲ್ಲ, ಆರ್‌ಸಿ ಅವರ ಹೆಸರಿಗೆ ಆಗೋವರೆಗೂ ಫೋನ್ ಮಾಡ್ತಾನೇ ಇದ್ದೆ.

ಕೊನೆಗೆ ತಗೊಂಡಿದ್ದು ಮಧ್ಯದ ವೇರಿಯಂಟ್, ಡೀಸೆಲ್ ಆಟೋಮ್ಯಾಟಿಕ್, ಬಿಳಿ. ಡೆಲಿವರಿಗೆ ಮುಂಚೆ ಚಾಸಿ ಪ್ಲೇಟಲ್ಲಿ ತಯಾರಾದ ತಿಂಗಳು ನೋಡ್ಕೊಂಡೆ, ಆಕ್ಸೆಸರಿ ಪ್ಯಾಕೇಜ್ ಬೇಡ ಅಂದೆ, ಇನ್ಶೂರೆನ್ಸ್ ಹೊರಗಿನ ಕೋಟ್ ತೋರಿಸಿದ್ಮೇಲೆ ಅವರೂ ಇಳಿಸಿದ್ರು. 10 ಲಕ್ಷದ ಮೇಲಿನ ಗಾಡಿಗೆ 1% ಟಿಸಿಎಸ್ (ನಮ್ಮ ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೆ ಮುಂಗಡವಾಗಿ) ಹಿಡೀತಾರೆ, ಅದು ರಿಟರ್ನ್ಸಲ್ಲಿ ಹೊಂದಾಣಿಕೆ ಆಗುತ್ತೆ, ಇನ್‌ವಾಯ್ಸ್ ಆಗಲೇ ಆಡಿಟರ್‌ಗೆ ಕಳಿಸಿದೀನಿ.