ಖಾತೆಯಲ್ಲಿ ಹೆಸರಿಲ್ಲದ ಮುತ್ತಜ್ಜನನ್ನು ಹುಡುಕುವುದು ಹೇಗೆ

ನಮ್ಮ ಮುತ್ತಜ್ಜ, ಅಂದರೆ ಅಜ್ಜನ ಅಜ್ಜ, ಸಾಗರ ತಾಲ್ಲೂಕಿನಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಅವರನ್ನು ಹುಡುಕಲು ಹೊರಟ ನಾನು ಮೊದಲು ಜಮೀನಿನ ಹಳೇ ಖಾತೆಗಳಲ್ಲಿ ಹೆಸರು ನೋಡಿದೆ. ಒಂದು ವರ್ಷ ಹಾಳಾಯಿತು. ಖಾತೆ ಇರುವುದು ಜಮೀನಿನ ಒಡೆಯರ ಹೆಸರಲ್ಲಿ, ಉಳುವವರ ಹೆಸರಲ್ಲಲ್ಲ. ನಿಮ್ಮ ಹಿರಿಯರೂ ಗೇಣಿದಾರರಾಗಿದ್ದರೆ ಹೆಸರಿನ ಹಿಂದೆ ಹೋಗಬೇಡಿ, ಗದ್ದೆಯ ಹಿಂದೆ ಹೋಗಿ.

ಮನೆಯಲ್ಲಿ ವಯಸ್ಸಾದವರನ್ನು 'ಅಜ್ಜ ಹುಟ್ಟಿದ್ದು ಯಾವಾಗ' ಅಂತ ಕೇಳಿದರೆ ಸುಮ್ಮನಾಗುತ್ತಾರೆ. 'ಯಾವ ಗದ್ದೆ ಮಾಡ್ತಿದ್ರು, ಅದಕ್ಕೆ ಏನಂತಿದ್ರು' ಅಂತ ಕೇಳಿ. ನಮ್ಮ ದೊಡ್ಡತ್ತೆಗೆ ಮುತ್ತಜ್ಜನ ಹೆಸರೇ ಮರೆತಿತ್ತು. ಆದರೆ 'ಹಕ್ಕಲು ಇಳಿದರೆ ಹೊಂಡದ ಗದ್ದೆ, ಅದೇ ನಮ್ದು' ಅಂತ ಕೈ ತೋರಿಸಿದರು. ಕಾಲ ತಿಳಿಯಬೇಕಾದರೆ, ಗೇಣಿದಾರರು ಒಡೆಯರ ವಿರುದ್ಧ ಹೂಡಿದ ಕಾಗೋಡು ಸತ್ಯಾಗ್ರಹದ ಹೊತ್ತಿಗೆ ಇದ್ದರಾ, ಇಲ್ಲವಾ ಅಂತ ಕೇಳಿ. ಅದು 1951. ನಮ್ಮ ಕಡೆ ಅದನ್ನು ಯಾರೂ ಮರೆಯುವುದಿಲ್ಲ.

ಆ ಗದ್ದೆಯ ಸರ್ವೆ ನಂಬರ್ ಈಗಿನ ಪಹಣಿಯಲ್ಲಿ ಸಿಗುತ್ತದೆ. ಹಿಸ್ಸಾ, ಅಂದರೆ ಪಾಲಿನ ನಂಬರ್ ಬಿಟ್ಟು ಮೂಲ ನಂಬರ್ ಬರೆದುಕೊಳ್ಳಿ. ಇಂಥ ನಂಬರ್ ಕೊಟ್ಟ ಮೈಸೂರು ಸೀಮೆಯ ಸರ್ವೆ ಶುರುವಾಗಿದ್ದು 1863ರಲ್ಲಿ, ಬ್ರಿಟಿಷ್ ಕಮಿಷನರ್‌ಗಳ ಆಡಳಿತ ಇದ್ದಾಗ. ಹಳೇ ಕೈಬರಹದ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಒಡೆಯರ ಮನೆತನ ಯಾವುದು ಅಂತ ಅದರಿಂದ ತಿಳಿಯುತ್ತದೆ.

ಜೊತೆಗೆ ಫಾರಂ 7ರ ಕಡತ ಕೇಳಲೇಬೇಕು. 1974ರ ಭೂ ಸುಧಾರಣೆಯಲ್ಲಿ ಉಳುವ ಜಮೀನಿನ ಹಕ್ಕಿಗಾಗಿ ಗೇಣಿದಾರರು ಭೂ ನ್ಯಾಯ ಮಂಡಳಿಗೆ ಹಾಕಿದ ಅರ್ಜಿ ಅದು. ನಮ್ಮ ಕಡತದಲ್ಲಿ ಅಜ್ಜನ ಹೇಳಿಕೆ ಇತ್ತು. 'ನನ್ನ ಅಜ್ಜನ ಕಾಲದಿಂದಲೂ ಈ ಜಮೀನು ನಾವೇ ಮಾಡುತ್ತಿದ್ದೇವೆ' ಅಂತ ಹೇಳಿ, ಆ ಅಜ್ಜನ ಹೆಸರನ್ನೂ ಬರೆಸಿದ್ದರು. ಕೆಳಗೆ ಹೆಬ್ಬೆಟ್ಟು. ನಾನು ಅಲ್ಲೇ ಬೆಂಚಿನ ಮೇಲೆ ಸುಮಾರು ಹೊತ್ತು ಕೂತುಬಿಟ್ಟೆ.

ಆಮೇಲೆ ಒಡೆಯರ ಮನೆಗೆ ಹೋಗಿ. 'ಜಮೀನಿನ ತಕರಾರಿಗೆ ಬಂದಿಲ್ಲ' ಅಂತ ಮೊದಲೇ ಹೇಳಿಬಿಡಿ, ಅದು ಮುಖ್ಯ. ಗೇಣಿ ಚೀಟಿ, ಲೆಕ್ಕದ ಪುಸ್ತಕ ಅಟ್ಟದ ಮೇಲೆ ಇದ್ದರೂ ಇರಬಹುದು. ಅವುಗಳಲ್ಲಿ ಇಸವಿ ಇಲ್ಲದೆ ಬರೀ ಸಂವತ್ಸರ ಇರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ? ನನಗೆ ಸಿಕ್ಕಿದ್ದು 'ಕೀಲಕ'. ಅದು 1908 ಆಗಬಹುದು, 1968 ಕೂಡ ಆಗಬಹುದು. ಮೊಮ್ಮಗನಿಗೆ ಅಜ್ಜನ ಹೆಸರೇ ಇಡುವ ಪದ್ಧತಿ ಬೇರೆ. ಆ ಪುಟದಲ್ಲಿದ್ದ ಹೆಸರು ನಮ್ಮ ಅಜ್ಜನದ್ದೂ ಹೌದು, ಅವರ ಅಜ್ಜನದ್ದೂ ಹೌದು. ದಾರಿ ತೋರಿಸಿದ್ದು ಅದೇ ಪುಟದಲ್ಲಿದ್ದ ಆಣೆ, ಪೈಗಳ ಲೆಕ್ಕ. ಆಣೆ, ಪೈಗಳ ಬದಲಿಗೆ ನಯಾಪೈಸೆ ಬಂದಿದ್ದು 1957ರಲ್ಲಿ. ಹಾಗಾಗಿ ಅದು 1908ರ ಪುಟ.

ಪುಸ್ತಕ ಕೇಳಿ ತರಬೇಡಿ. ಅಲ್ಲೇ ಬೆಳಕಿಗೆ ಹಿಡಿದು ಫೋಟೋ ತೆಗೆಯಿರಿ, ಹಿಂದಿನ ಮುಂದಿನ ಪುಟಗಳದ್ದೂ ಇರಲಿ. ನಮ್ಮ ಮುತ್ತಜ್ಜನ ಹೆಸರಿನ ಎದುರು ಆ ವರ್ಷದ ಭತ್ತ, ನಾಲ್ಕು ಕೊಳಗ ಬಾಕಿ. ಮುಂದಿನ ಪುಟದಲ್ಲಿ ಆ ಬಾಕಿ ತೀರಿದ ಲೆಕ್ಕ ಇತ್ತು.