ಮಂಡಿಗಿಂತ ಮೊದಲು ತೊಡೆ: ಕೀಲು ಬದಲಾವಣೆಗೆ ನಾನು ನಡೆಸಿದ ತಯಾರಿ

ನನ್ನ ಎಡಮಂಡಿಯ ಕೀಲು ಬದಲಾಯಿಸಿ ಐದು ತಿಂಗಳಾಯಿತು. ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿದು ನಿಂತೆ, ಎರಡನೆಯ ವಾರದ ಕೊನೆಗೆ ಮಂಡಿ 90 ಡಿಗ್ರಿಯವರೆಗೆ ಮಡಚಿತು, ಏಳನೆಯ ವಾರದಲ್ಲಿ ದಾವಣಗೆರೆಯ ನಮ್ಮ ಮನೆಯ ಮಹಡಿ ಹತ್ತಿದೆ. ಅರವತ್ತೆಂಟರ ವಯಸ್ಸಿನಲ್ಲಿ ಇದು ಸಾಧ್ಯವಾದುದಕ್ಕೆ ವೈದ್ಯರ ಕೈಗುಣ ಎಷ್ಟು ಕಾರಣವೋ ಅದಕ್ಕೂ ಮುಂಚಿನ ನಾಲ್ಕು ತಿಂಗಳ ತಯಾರಿಯೂ ಅಷ್ಟೇ ಕಾರಣವೆಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ತಯಾರಿ ಆರಂಭಿಸಿದಾಗ ನಮ್ಮಕ್ಕ, “ಸವೆದ ಮಂಡೀನ ಮತ್ತೆ ದುಡಿಸಿದ್ರೆ ಉಳಿದಿದ್ದೂ ಹೋಗ್ತೈತಿ, ಸುಮ್ನೆ ಮಲಗೇ” ಎಂದಿದ್ದಳು. ಮೊದಲ ತಿಂಗಳು ಅವಳ ಮಾತೇ ನಿಜವಾದಂತೆ ಕಂಡಿತು. ತೂಕ ಇಳಿಸುವ ಆತುರದಲ್ಲಿ ಕುಂದವಾಡ ಕೆರೆಯ ಏರಿಯ ಮೇಲೆ ದಿನವೂ ನಡೆದೆ. ಹತ್ತನೆಯ ದಿನಕ್ಕೆ ಮಂಡಿ ಊದಿಕೊಂಡಿತು. ನೋವು ತಾಳಲಾರದೆ ಒಂದು ಕ್ಲಿನಿಕ್‌ನಲ್ಲಿ ಮಂಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡೆ. ಆಮೇಲೆ ಸೋಂಕಿನ ಅಪಾಯದಿಂದಾಗಿ ಶಸ್ತ್ರಚಿಕಿತ್ಸೆಯನ್ನು ಸುಮಾರು ಮೂರು ತಿಂಗಳು ಮುಂದೂಡಬೇಕಾಗುತ್ತದೆ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಗೊತ್ತುಮಾಡಿದ್ದ ದಿನಾಂಕ ತಪ್ಪಿತು. ಎಣ್ಣೆ, ನೀ ಕ್ಯಾಪ್, ಚುಚ್ಚುಮದ್ದು ಎಂದು 20 ಸಾವಿರದಷ್ಟು ಹಣವೂ ಹೋಯಿತು. ಆದರೆ ಹಾಗೆ ಸಿಕ್ಕಿದ ಮೂರು ತಿಂಗಳೇ ನನ್ನ ಕೈಹಿಡಿದವು.

ತೊಡೆಯ ಸ್ನಾಯುವನ್ನು ಬಲಪಡಿಸಲು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಅದುಮಿ ಐದರವರೆಗೆ ಎಣಿಸುವ ವ್ಯಾಯಾಮವೊಂದಿದೆ. ನಾನು ಬದಲಿಸಿದ್ದು ಹೊತ್ತನ್ನು ಮಾತ್ರ: ಬೆಳಿಗ್ಗೆ ಒಂದೇ ಸಲಕ್ಕೆ ಮಾಡಿ ದಣಿಯುವ ಬದಲು ದಿನಕ್ಕೆ ಆರು ಬಾರಿ, ಹತ್ತತ್ತರಂತೆ ಮಾಡಿದೆ. ಮೊದಮೊದಲು ತೊಡೆಯ ಮೇಲೆ ಅಂಗೈ ಇಟ್ಟರೆ ನೆನೆದ ಹತ್ತಿಯಂತೆ ಮೆತ್ತಗಿರುತ್ತಿದ್ದ ಸ್ನಾಯು ಆರನೆಯ ವಾರಕ್ಕೆ ಗಟ್ಟಿಯಾಗಿ ಅಂಗೈಯನ್ನು ಮೇಲಕ್ಕೆ ನೂಕತೊಡಗಿತು. ವಾಕರ್ ಹಿಡಿದಾಗ ತೋಳಿನ ಮೇಲೂ ಭಾರ ಬೀಳುವುದರಿಂದ ಕುರ್ಚಿಯ ಕೈಗಳನ್ನು ಒತ್ತಿ ಮೇಲೇಳುವುದನ್ನೂ ಸೇರಿಸಿಕೊಂಡೆ. ಮಂಚದಿಂದ ಇಳಿಯುವಾಗ ಹಳೆಯ ಸೀರೆಯೊಂದರಿಂದ ಕಾಲಿಗೆ ಆಸರೆ ಕೊಡುವ ಉಪಾಯವೊಂದು ನನ್ನಲ್ಲಿದೆ. ತಪ್ಪಾಗಿ ಅನುಸರಿಸಿದರೆ ಬೀಳುವ ಭಯವಿರುವುದರಿಂದ ಅದನ್ನು ಬರೆಯುವುದಿಲ್ಲ, ಎದುರಿಗೆ ಬಂದವರಿಗೆ ತೋರಿಸುತ್ತೇನೆ.

ಸಕ್ಕರೆಯದೇ ದೊಡ್ಡ ತೊಡಕಾಗಿತ್ತು. ನನ್ನ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ, ಒಂಬತ್ತರ ಮೇಲಿತ್ತು. ಏಳೂವರೆಗಿಂತ ಕೆಳಗಿಳಿಯದೆ ಮುಟ್ಟುವುದಿಲ್ಲವೆಂದು ಶಸ್ತ್ರವೈದ್ಯರು ಖಂಡಿತವಾಗಿ ಹೇಳಿದ್ದರು. ಮಾತ್ರೆಯ ಪ್ರಮಾಣವನ್ನು ವೈದ್ಯರು ಬದಲಿಸಿದರು, ಊಟದ ಪರೀಕ್ಷೆಯನ್ನು ನಾನು ನಡೆಸಿದೆ. ನಮ್ಮೂರಿನವರೆಲ್ಲರಂತೆ ನಾನೂ ಸಂಜೆಯ ಮಂಡಕ್ಕಿಯನ್ನು ಹಗುರ ತಿಂಡಿಯೆಂದೇ ನಂಬಿದ್ದೆ. ತಿಂದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದರೆ 240ರ ಸುಮಾರು. ಜೋಳದ ರೊಟ್ಟಿ, ಕಾಳಿನ ಪಲ್ಯ ತಿಂದ ದಿನ 170ರ ಹತ್ತಿರ. ನಾಲ್ಕೈದು ಸಲ ನೋಡಿದರೂ ಹೆಚ್ಚುಕಡಿಮೆ ಅದೇ ಅಂಕಿ ಬಂದಿತು. ಇದು ನನ್ನೊಬ್ಬಳ ದೇಹದ ಲೆಕ್ಕವಾದರೂ ಮಂಡಕ್ಕಿ ಬಿಟ್ಟೆ, ಮೂರು ತಿಂಗಳಲ್ಲಿ 7.3ಕ್ಕೆ ಬಂದೆ, ತೂಕವೂ ಐದು ಕೆಜಿ ಇಳಿಯಿತು. ಹುಳುಕಾಗಿದ್ದ ದವಡೆ ಹಲ್ಲನ್ನೂ ಇದೇ ಅವಧಿಯಲ್ಲಿ ಕೀಳಿಸಿದೆ. ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ತಗುಲಬಾರದಲ್ಲ.

ಹಣದ ವಿಚಾರದಲ್ಲಿ ಒಂದು ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕೃತಕ ಮಂಡಿಕೀಲಿಗೆ ಬೆಲೆಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆದ್ದರಿಂದ ಕೀಲಿನ ಬೆಲೆಯನ್ನು ಬೇರೆಯಾಗಿಯೇ ಬರೆದುಕೊಡಿ ಎಂದು ಕೇಳಿದೆ. ಒಟ್ಟು ಮೊತ್ತವನ್ನಷ್ಟೇ ಹೇಳಿದ ಒಂದು ಆಸ್ಪತ್ರೆಯಿಂದ ಎದ್ದು ಬಂದೆ.

ಮನೆಯಲ್ಲಿ ಕುಕ್ಕರಗಾಲಿನ ಶೌಚಾಲಯ ತೆಗೆಸಿ ಕಮೋಡ್ ಕೂರಿಸಲು, ಗೋಡೆಗೆ ಹಿಡಿಕಂಬಿ ಹಾಕಿಸಲು 16–17 ಸಾವಿರ ಬಿದ್ದಿತು. ಇಷ್ಟೆಲ್ಲ ಮಾಡಿಸಿದ ಮೇಲೆ, ಅಭ್ಯಾಸಕ್ಕೆಂದು ಮೊದಲೇ ತಂದಿಟ್ಟಿದ್ದ ವಾಕರ್ ಸ್ನಾನದ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು, ಒಂದು ಇಂಚಿನಷ್ಟು ಜಾಗ ಸಾಲದೆ. ಮಗ ಬಾಗಿಲನ್ನೇ ಕಳಚಿ ಪರದೆ ಕಟ್ಟಿದ. ಬಲಮಂಡಿಯ ಸರದಿ ಇನ್ನೂ ಇದೆ. ಆ ತೊಡೆಗೆ ಟವೆಲ್ ಸುರುಳಿಯ ವ್ಯಾಯಾಮ ಆರಂಭವಾಗಿದೆ, ಬಾಗಿಲನ್ನು ಇನ್ನೂ ಹಾಕಿಸಿಲ್ಲ.