ಒಂದು ಸ್ವೆಟರ್ ಮುಗಿದ ಮೇಲೆ

ಕೊನೆಯ ಗುಂಡಿ ಹೊಲಿದು, ದಾರದ ತುದಿ ಒಳಗೆ ಸೇರಿಸಿ, ಸ್ವೆಟರ್ ಮಡಿಚಿ ಕೊಟ್ಟಾಯಿತು. ಮಾರನೇ ದಿನ ಮಧ್ಯಾಹ್ನ ಊಟ ಮುಗಿಸಿ ಕೂತರೆ ಕೈ ಸುಮ್ನೆ ಇರುವುದಿಲ್ಲ, ಕಡ್ಡಿ ಹುಡುಕುತ್ತದೆ. ಹೆಣೆಯುವವರಿಗೆಲ್ಲ ಇದು ಗೊತ್ತು. ಆಗ ತುಂಬಾ ಜನ ದೇವರಾಜ ಮಾರ್ಕೆಟ್ ಕಡೆ ಹೊರಟು, ಕಣ್ಣಿಗೆ ಬಿದ್ದ ಬಣ್ಣದ ಉಲ್ಲನ್ ತಂದುಬಿಡುತ್ತಾರೆ. ವಯಸ್ಸಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಅರ್ಧ ಹಾಕಿ ಬಿಟ್ಟ ಸ್ವೆಟರ್‌ಗಳು ಬೀರುವಿನಲ್ಲಿ ಸೇರಿಕೊಂಡವು. ಈಗ ಒಂದು ಮುಗಿದ ಮೇಲೆ ಹದಿನೈದು ದಿನ ಕಡ್ಡಿಯನ್ನು ಡಬ್ಬದಲ್ಲೇ ಇಡುತ್ತೇನೆ. ಆ ಹದಿನೈದು ದಿನ ಪುಸ್ತಕ ನೋಡುವ ಕಾಲ. ನೀವೂ ಹಾಗೆ ಮಾಡಿ ನೋಡಿ.

ನನ್ನ ಹತ್ತಿರ ಒಂದು ಹಳೇ ಟ್ರಂಕಿನ ತುಂಬ ಹೆಣಿಗೆಯ ಪುಸ್ತಕ ಇವೆ. ಕನ್ನಡ ವಾರಪತ್ರಿಕೆಗಳಿಂದ ಕತ್ತರಿಸಿಟ್ಟ ಹಾಳೆ, ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಮ್ಯಾಗಜಿನ್, ನನ್ನ ತಮ್ಮನ ಮಗಳು ಅಮೆರಿಕದಿಂದ ತಂದುಕೊಟ್ಟದ್ದು, ಎಲ್ಲ ಅದರಲ್ಲೇ. ಅರ್ಧದಷ್ಟು ಡಿಸೈನ್ ನಾನು ಯಾವತ್ತೂ ಹಾಕಲಿಲ್ಲ, ಮುಂದೆಯೂ ಹಾಕುವುದಿಲ್ಲ. ಆದರೂ ಒಂದು ಹಾಳೆಯನ್ನೂ ಎಸೆದಿಲ್ಲ. ನೋಡಿ ನೋಡಿಯೇ ಕಣ್ಣು ಪಳಗುತ್ತದೆ, ಅಲ್ವಾ?

ಮೊದಲ ಸಲ ತಿರುವಿ ಹಾಕುವಾಗ ಪೆನ್ಸಿಲ್ ಬೇಡ, ಲೆಕ್ಕ ಬೇಡ. ಜಗುಲಿಯ ಬೆಳಕಿನಲ್ಲಿ ಕೂತು ಚಿತ್ರ ನೋಡಿ ಸಾಕು. ಎರಡನೇ ಸಲ ಸಣ್ಣ ಸಣ್ಣ ಚೀಟಿ ಇಟ್ಟುಕೊಳ್ಳಿ. ಮನಸ್ಸಿಗೆ ಹಿಡಿದ ಪುಟಕ್ಕೆ ಒಂದು ಚೀಟಿ. ಚೀಟಿಯ ಮೇಲೆ ಏನು ಹಿಡಿಸಿತು ಅಂತ ಬರೆಯಿರಿ: ಕತ್ತಿನ ಪಟ್ಟಿ, ತೋಳಿನ ಅಂಚು, ಜೇಬು, ಬರೀ ಬಣ್ಣದ ಜೋಡಿ. ಪೂರಾ ಸ್ವೆಟರ್ ಹಿಡಿಸುವುದು ಅಪರೂಪ. ಒಂದು ಪುಟದ ಕತ್ತು, ಇನ್ನೊಂದು ಪುಟದ ಬಾರ್ಡರ್ ಸೇರಿಸಿದರೆ ಅದು ನಿಮ್ಮ ಸ್ವೆಟರ್.

ಫೋಟೋ ನೋಡುವಾಗ ಹುಡುಗಿಯ ಮುಖ ಬಿಡಿ, ಭುಜ ನೋಡಿ. ಅವಳು ಕೈ ಕಟ್ಟಿಕೊಂಡು ನಿಂತಿದ್ದಾಳಾ? ಕತ್ತಿಗೆ ಸ್ಕಾರ್ಫ್ ಸುತ್ತಿದ್ದಾರಾ? ಕೂದಲು ಭುಜದ ಮೇಲೆ ಇಳಿಬಿದ್ದಿದೆಯಾ? ಹಾಗಿದ್ದರೆ ಕಂಕುಳು, ಕತ್ತು, ತೋಳು ಸೇರುವ ಜಾಗ ಹೇಗೆ ಕೂತಿದೆ ಅಂತ ನಿಮಗೆ ಕಾಣಿಸುವುದೇ ಇಲ್ಲ. ಸ್ವೆಟರ್ ಕೆಡುವುದು ಅಲ್ಲೇ. ಅಂಥ ಪ್ಯಾಟರ್ನಿನ ಜೊತೆ ಅಳತೆ ಬರೆದ ಚಪ್ಪಟೆ ಚಿತ್ರ ಇದ್ದರೆ ನಂಬಿ, ಇಲ್ಲದಿದ್ದರೆ ಡಿಸೈನ್ ಮಾತ್ರ ತೆಗೆದುಕೊಂಡು ಅಳತೆ ನಿಮ್ಮದೇ ಹಾಕಿಕೊಳ್ಳಿ.

ಇನ್ನೊಂದು, ನಮ್ಮ ಊರಿನ ಚಳಿ ನೆನಪಿರಲಿ. ಮೈಸೂರಲ್ಲಿ ಧನುರ್ಮಾಸದ ಬೆಳಗಿನ ಜಾವ ಚಳಿ ಹಿಡಿಯುತ್ತದೆ, ನಿಜ. ಆದರೆ ಬಿಸಿಲೇರಿದ ಮೇಲೆ ಸ್ವೆಟರ್ ಕೈಗೆ ಬರುತ್ತದೆ. ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳ ಹೆಸರಿನ ಆ ದಪ್ಪ ಜಡೆ ಜಡೆ ಸ್ವೆಟರ್ ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ! ಇಲ್ಲಿ ಅದನ್ನು ಹಾಕಿಕೊಂಡು ಹತ್ತು ನಿಮಿಷ ಇರಲಾಗದು. ಜಡೆ ಹಾಕಿದಷ್ಟೂ ಉಲ್ಲನ್ ಜಾಸ್ತಿ ತಿನ್ನುತ್ತದೆ, ಅಗಲ ಒಳಕ್ಕೆ ಎಳೆಯುತ್ತದೆ. ನಾನು ಆಸೆ ತೀರಲಿ ಅಂತ ತೆಳು ದಾರದಲ್ಲಿ, ತೋಳಿಲ್ಲದ ಸ್ವೆಟರಿನ ನಡುಮಧ್ಯೆ ಒಂದೇ ಒಂದು ಜಡೆ ಇಳಿಸುತ್ತೇನೆ.

ಕಡ್ಡಿಯ ನಂಬರಿನ ವಿಷಯ ಸ್ವಲ್ಪ ನಿಧಾನಕ್ಕೆ ಓದಿ. ಅಮೆರಿಕದಿಂದ ಬಂದ ಮ್ಯಾಗಜಿನ್ ನೋಡಿ ಮೊಮ್ಮಗನಿಗೆ ಒಂದು ಸ್ವೆಟರ್ ಹಾಕಿದೆ. 8 ನಂಬರ್ ಕಡ್ಡಿ ಅಂತ ಇತ್ತು, ನನ್ನ 8 ನಂಬರ್ ಕಡ್ಡಿಯೇ ತೆಗೆದೆ. ಒಂದು ತಿಂಗಳ ಕೆಲಸ. ಹಾಕಲು ಹೋದರೆ ಮಗುವಿನ ತಲೆಯಿಂದ ಕೆಳಗೆ ಇಳಿಯಲಿಲ್ಲ. ಆಮೇಲೆ ತಿಳಿಯಿತು, ನಮ್ಮ ಕಡೆ ಬಳಕೆಯಲ್ಲಿರುವ ಹಳೇ ಬ್ರಿಟಿಷ್ ಲೆಕ್ಕದಲ್ಲಿ 8 ನಂಬರ್ ಅಂದರೆ 4 ಮಿಲಿಮೀಟರ್, ಅಮೆರಿಕದವರ 8 ನಂಬರ್ ಅಂದರೆ 5 ಮಿಲಿಮೀಟರ್. ನಮ್ಮಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಅವರಲ್ಲಿ ನಂಬರ್ ಏರಿದಷ್ಟೂ ದಪ್ಪ. ಅದಕ್ಕೇ ಮಿಲಿಮೀಟರ್ ಲೆಕ್ಕವನ್ನೇ ಹಿಡಿಯಿರಿ. ಕೊಕ್ಕೆ ಕಡ್ಡಿಯಲ್ಲಿ ಹಾಕುವ ಕ್ರೋಶೆಯ ಪುಸ್ತಕದಲ್ಲೂ ಇದೇ ಗೋಳು. ಬ್ರಿಟಿಷರು ಡಬಲ್ ಕ್ರೋಶೆ ಅನ್ನುವುದನ್ನೇ ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುತ್ತಾರೆ. ಪುಸ್ತಕ ಎಲ್ಲಿ ಅಚ್ಚಾಗಿದೆ ಅಂತ ಮೊದಲು ನೋಡಿಕೊಳ್ಳಿ.

ಆ ಸ್ವೆಟರನ್ನು ಪೂರಾ ಬಿಚ್ಚಿದೆ. ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿ ನಿಲ್ಲುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ನೆರಳಲ್ಲಿ ನೇತುಹಾಕಿದರೆ ನೆಟ್ಟಗಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ. ಹೆಣಿಗೆ ಪುಸ್ತಕ ಇಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಮ್ಮನ ಚುಕ್ಕಿ ರಂಗೋಲಿ ಪುಸ್ತಕ ಇರಬೇಕಲ್ಲ? ಧಾರವಾಡದ ಕಡೆಯ ಕಸೂತಿ ನಮೂನೆಗಳೂ ಆಗುತ್ತವೆ. ಗೋಪುರ, ತೇರು, ನವಿಲು ಎಲ್ಲ ಎಳೆ ಎಣಿಸಿಯೇ ಹಾಕುವಂಥವು, ನಮಗೆ ಹೇಳಿ ಮಾಡಿಸಿದ ಹಾಗಿವೆ. ಚೌಕಳಿ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಕುಣಿಕೆ ಅಂತ ಬಣ್ಣ ತುಂಬಿ. ಆದರೆ ಕುಣಿಕೆ ಚೌಕವಾಗಿ ಇರುವುದಿಲ್ಲ, ಎತ್ತರಕ್ಕಿಂತ ಅಗಲ ಜಾಸ್ತಿ. 4 ಮಿಲಿಮೀಟರ್ ಕಡ್ಡಿಯಲ್ಲಿ ಡಬಲ್ ನಿಟಿಂಗ್ ಅನ್ನುವ ಮಧ್ಯಮ ದಪ್ಪದ ದಾರಕ್ಕೆ ಸಾಮಾನ್ಯವಾಗಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು. ಅಂದರೆ 22 ಚೌಕ ಅಗಲ, 22 ಚೌಕ ಎತ್ತರದ ಹೂವು 10 ಸೆಂಟಿಮೀಟರ್ ಅಗಲ ಬಂದು, ಎತ್ತರ 8 ಕೂಡ ಮುಟ್ಟುವುದಿಲ್ಲ. ಹೂವು ಚಪ್ಪಟೆಯಾಗುತ್ತದೆ. ಎತ್ತರಕ್ಕೆ 6 ಸಾಲು ಸೇರಿಸಿ ಬರೆದುಕೊಂಡರೆ ಸರಿಹೋಗುತ್ತದೆ. ಗ್ರಾಫ್ ಓದುವುದು ಕೆಳಗಿನಿಂದ ಮೇಲಕ್ಕೆ. ಸ್ವೆಟರಿನ ಹೊರಬದಿ ನಿಮ್ಮ ಕಡೆ ಇರುವ ಸೀದಾ ಸಾಲನ್ನು ಬಲದಿಂದ ಎಡಕ್ಕೆ ಓದಿ, ಒಳಬದಿ ನಿಮ್ಮ ಕಡೆ ಇರುವ ಉಲ್ಟಾ ಸಾಲನ್ನು ಎಡದಿಂದ ಬಲಕ್ಕೆ. ಎರಡು ಬಣ್ಣ ಹಾಕುವಾಗ ಹಿಂದೆ 5 ಕುಣಿಕೆಗಿಂತ ಉದ್ದ ದಾರ ತೂಗಾಡಲು ಬಿಡಬೇಡಿ, ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ.

ಪುಸ್ತಕ ಕಾಪಾಡುವುದು ದೊಡ್ಡ ವಿಷಯವೇನಲ್ಲ. ಕತ್ತರಿಸಿದ ಹಾಳೆಗೆ ಮೈದಾ ಅಂಟು ಹಚ್ಚಬೇಡಿ, ಅದನ್ನು ತಿನ್ನಲು ಹುಳು ಬರುತ್ತದೆ. ಸೆಲ್ಲೋಟೇಪ್ ಹಳದಿಯಾಗುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಜೇಬಿನ ಫೈಲಿನಲ್ಲಿ ಸೇರಿಸಿಡಿ. ಹೆಣೆಯುವಾಗ ಜೆರಾಕ್ಸ್ ಮಾಡಿಸಿ ಅದರ ಮೇಲೆ ಸಾಲು ಗುರುತು ಹಾಕಿಕೊಳ್ಳಿ.

ಪಕ್ಕದ ಮನೆಯ ಹುಡುಗಿ ನಿನ್ನೆ ಬಂದು, "ಅಜ್ಜಿ, ಇನ್ನೂ ಕಡ್ಡಿ ಹಿಡಿದಿಲ್ವಾ?" ಅಂದಳು.

"ಇಲ್ಲ ಕಣಮ್ಮ, ಇನ್ನೂ ನೋಡ್ತಾ ಇದೀನಿ. ಬಾ, ನೀನೂ ನೋಡು" ಅಂದೆ.

ಇಬ್ಬರೂ ಚಾಪೆ ಹಾಕಿಕೊಂಡು ಕೂತೆವು. ಟ್ರಂಕಿನ ತಳದಲ್ಲಿದ್ದ ಒಂದು ಹಾಳೆಗೆ ಅವಳೇ ಚೀಟಿ ಇಟ್ಟಳು. ಮಗುವಿನ ಟೋಪಿ, ಕಿವಿ ಮುಚ್ಚುವಂಥದ್ದು, ಸಾಸಿವೆ ಬಣ್ಣ. ಅವಳ ಅಕ್ಕನಿಗೆ ಜನವರಿಯಲ್ಲಿ ಹೆರಿಗೆ. ನಾಳೆ ಇಬ್ಬರೂ ಉಲ್ಲನ್ ತರಲು ಹೋಗುತ್ತೇವೆ, ಹಾಳೆ ಜೊತೆಗಿಟ್ಟುಕೊಂಡು.